ರಕ್ಷಣೆಗೂ ಮಿತಿ ಬೇಕು

ಗಾಯವಾದೊಡನೆ ರಕ್ತವು ಹೆಪ್ಪುಗಟ್ಟುತ್ತದೆ. ರೋಗಾಣು ಒಳಹೊಕ್ಕೊಡನೆ ಬಿಳಿಯ ರಕ್ತಕಣಗಳು ಅದನ್ನು ಎದುರಿಸುತ್ತವೆ. ನಮ್ಮ ಪಠ್ಯಪುಸ್ತಕಗಳಲ್ಲಿ ಇವೆರಡೂ ಸಾಮಾನ್ಯವಾಗಿ ಬೇರೆ ಬೇರೆ ಪಾಠಗಳು. ಮೊದಲನೆಯದು ದುರಸ್ತಿಯ ಕೆಲಸ, ಎರಡನೆಯದು ಕಾವಲಿನ ಕೆಲಸ ಎಂದು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳುತ್ತಾರೆ. ಈ ವಿಂಗಡಣೆಯು ಪರೀಕ್ಷೆಗೆ ಅನುಕೂಲವಾದರೂ ದೇಹದ ನಿಜಸ್ಥಿತಿಗೆ ಹೊಂದತಕ್ಕದ್ದಲ್ಲವೆಂದೂ, ಅಪಾಯಕರವಾದ ಒಂದು ತಪ್ಪು ತಿಳಿವಳಿಕೆಗೆ ಇದು ಎಡೆಗೊಡುತ್ತದೆಂದೂ ನಮ್ಮ ಅಭಿಪ್ರಾಯ.

2020ರಲ್ಲಿ ಕೋವಿಡ್-19 ಜಗತ್ತನ್ನೆಲ್ಲ ವ್ಯಾಪಿಸಿದಾಗ ವೈದ್ಯರು ವಿಚಿತ್ರವೊಂದನ್ನು ಕಂಡರು. ತೀವ್ರವಾಗಿ ನರಳುತ್ತಿದ್ದ ಹಲವು ರೋಗಿಗಳ ಕಾಲು, ಶ್ವಾಸಕೋಶ, ಮಿದುಳುಗಳ ರಕ್ತನಾಳಗಳಲ್ಲಿ ಹೆಪ್ಪುಗಳು ಉಂಟಾಗಿದ್ದವು. ಅದೇ ವರ್ಷ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಕೋವಿಡ್‌ನಿಂದ ಮೃತರಾದ 7 ಮಂದಿಯ ಶ್ವಾಸಕೋಶಗಳನ್ನು ಇನ್‌ಫ್ಲುಯೆಂಜಾದಿಂದ ಮೃತರಾದ 7 ಮಂದಿಯವುಗಳೊಡನೆ ಹೋಲಿಸಲಾಯಿತು. ಕೋವಿಡ್‌ಗೆ ತುತ್ತಾದವರ ಲೋಮನಾಳಗಳಲ್ಲಿ ಸೂಕ್ಷ್ಮವಾದ ಹೆಪ್ಪುಗಳು 9 ಪಟ್ಟು ಹೆಚ್ಚಾಗಿದ್ದವು. ಗಾಯವೇ ಇಲ್ಲದಲ್ಲಿ ಹೆಪ್ಪು ಬಂದುದೆಂತು?

ಕಾವಲುಗಾರರೇ ಅದನ್ನು ಕಟ್ಟಿದರೆಂಬುದು ಉತ್ತರದ ಮುಖ್ಯ ಭಾಗ. ಸೋಂಕಿನ ಸುಳಿವು ಸಿಕ್ಕಿದಾಗ ಮಾನೋಸೈಟ್ ಎಂಬ ಬಿಳಿಯ ಕಣಗಳು, ಹೆಪ್ಪುಗಟ್ಟುವ ಕ್ರಿಯೆಯನ್ನು ಆರಂಭಿಸುವ ಪ್ರೋಟೀನೊಂದನ್ನು ತಮ್ಮ ಹೊರಮೈಗೆ ತರುತ್ತವೆ. ನ್ಯೂಟ್ರೋಫಿಲ್ ಎಂಬ ಕಣಗಳಾದರೋ ತಮ್ಮೊಳಗಿನ ಡಿ.ಎನ್.ಎ. ಎಳೆಗಳನ್ನೇ ಹೊರಚೆಲ್ಲಿ ಬಲೆ ಬೀಸುತ್ತವೆ. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಈ ಬಲೆಯನ್ನು 2004ರಲ್ಲಿ ವಿವರಿಸಿದರು. ಸೂಕ್ಷ್ಮಜೀವಿಗಳನ್ನು ಹಿಡಿಯಲೆಂದು ಇರುವ ಆ ಬಲೆಗೆ ಪ್ಲೇಟ್‌ಲೆಟ್‌ಗಳೂ ಅಂಟಿಕೊಳ್ಳುತ್ತವೆ. ಸುತ್ತಲೂ ಫೈಬ್ರಿನ್ ಎಳೆಗಳು ಹೆಣೆದುಕೊಳ್ಳುತ್ತವೆ. ಮಿತಿಯಲ್ಲಿದ್ದರೆ ಇದು ಉಪಕಾರಿಯೇ. ರೋಗಾಣುವು ರಕ್ತದೊಡನೆ ದೂರ ಹರಡದಂತೆ ಒಡ್ಡು ಕಟ್ಟಿದಂತಾಗುತ್ತದೆ.

ಆದರೆ ಹೆಪ್ಪುಗಟ್ಟುವಾಗ ಹುಟ್ಟುವ ಥ್ರಾಂಬಿನ್ ಎಂಬ ವಸ್ತುವು ತನ್ನನ್ನು ಹುಟ್ಟಿಸಿದ ಕ್ರಿಯೆಯನ್ನೇ ಮತ್ತಷ್ಟು ಚುರುಕುಗೊಳಿಸುತ್ತದೆ. ಧ್ವನಿವರ್ಧಕದ ಸದ್ದು ಮೈಕಿಗೆ ಮರಳಿ ಹೊಕ್ಕು ಕರ್ಕಶವಾಗಿ ಬೆಳೆಯುವುದನ್ನು ಸಭೆಗಳಲ್ಲಿ ಎಲ್ಲರೂ ಕೇಳಿದ್ದಾರೆ. ಇದೂ ಅದೇ ಬಗೆಯದು. ಆರೋಗ್ಯವಂತರಲ್ಲಿ ರಕ್ತನಾಳದ ಒಳಪೊರೆಯು ಇದಕ್ಕೆ ಕಡಿವಾಣ ಹಾಕುತ್ತದೆ. ತೀವ್ರವಾದ ಸೋಂಕಿನಲ್ಲಿ ಆ ಪೊರೆಯೇ ಹಾನಿಗೊಳ್ಳುತ್ತದೆ. ಇನ್ನು, ಒತ್ತಡವು ಬದಲಾಗದೆ ಕೊಳವೆಯ ತ್ರಿಜ್ಯವು ಅರ್ಧವಾದರೆ ಹರಿವು 16ರಲ್ಲಿ 1 ಪಾಲಿಗೆ ಇಳಿಯುತ್ತದೆಂಬುದು ಭೌತಶಾಸ್ತ್ರದ ನಿಯಮ. ರಕ್ತಕ್ಕೆ ಈ ಲೆಕ್ಕವು ಸ್ಥೂಲವಾಗಿ ಮಾತ್ರ ಅನ್ವಯಿಸುತ್ತದಾದರೂ, ನಾಳದಲ್ಲಿ ಹೆಪ್ಪು ಬೆಳೆದರೆ ಎಷ್ಟು ಬೇಗ ಕೇಡು ಒದಗೀತೆಂಬುದನ್ನು ಊಹಿಸಬಹುದು.

ಹೀಗಿರಲು, 'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಳ್ಳಿ' ಎಂಬ ಜಾಹೀರಾತಿನ ಮಾತಿಗೆ ಅರ್ಥವೇನು? ಅದು ಚೀಲಕ್ಕೆ ತುಂಬಿದಷ್ಟೂ ಲಾಭವಾಗುವ ಧಾನ್ಯವಲ್ಲ. ಲಸಿಕೆಯೂ ಅದನ್ನು ಹೆಚ್ಚಿಸುವುದಿಲ್ಲವೇ ಎಂದು ಕೆಲವರು ಕೇಳಬಹುದು. ಲಸಿಕೆಯು ಶತ್ರುವಿನ ಗುರುತನ್ನು ಮೊದಲೇ ಕಲಿಸುತ್ತದೆ. ಅದರಿಂದ ದೇಹವು ಬೇಗನೆ, ಗುರಿಯಿಟ್ಟು ಹೊಡೆಯಬಲ್ಲುದು. ಗುರಿಯಿಲ್ಲದ ಆರ್ಭಟವೇ ಬೇರೆ.

ಚಿಕಿತ್ಸೆಯ ಅನುಭವವೂ ಇದನ್ನೇ ಸಮರ್ಥಿಸುತ್ತದೆ. 2020ರಲ್ಲಿ ಬ್ರಿಟನ್ನಿನ 'ರಿಕವರಿ' ಪ್ರಯೋಗದಲ್ಲಿ, ರಕ್ಷಣಾ ಕ್ರಿಯೆಯನ್ನು ತಗ್ಗಿಸುವ ಡೆಕ್ಸಾಮೆಥಾಸೋನ್ ಔಷಧವು ಕೃತಕ ಉಸಿರಾಟದಲ್ಲಿದ್ದ ರೋಗಿಗಳ ಸಾವನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟು ಇಳಿಸಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. 2021ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಹೆಪ್ಪನ್ನು ತಡೆಯುವ ಹೆಪಾರಿನ್ ಔಷಧದ ಹೆಚ್ಚಿನ ಪ್ರಮಾಣವು ಆಸ್ಪತ್ರೆಯಲ್ಲಿದ್ದ ಮಧ್ಯಮ ಸ್ಥಿತಿಯ ರೋಗಿಗಳಿಗೆ ನೆರವಾಯಿತು. ಸ್ಥಿತಿ ವಿಷಮಿಸಿದವರಿಗೆ ನೆರವಾಗಲಿಲ್ಲ. ಯಾವ ಹೊತ್ತಿನಲ್ಲಿ, ಎಷ್ಟು ಎಂಬುದೇ ಇಲ್ಲಿ ನಿರ್ಣಾಯಕ. ಇಂಥ ಔಷಧಗಳನ್ನು ನೆರೆಹೊರೆಯವರ ಸಲಹೆಯಂತೆ ನುಂಗುವುದು ಎಷ್ಟು ಅವಿವೇಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಈ ಎರಡು ಪಾಠಗಳನ್ನೂ ಕೂಡಿಸಿ ಕಲಿಸಬೇಕೆಂದು ನಾವು ಸೂಚಿಸುತ್ತೇವೆ. ದೇಹವು ಹೇಗೆ ಹೋರಾಡುತ್ತದೆಂಬುದರ ಜೊತೆಗೆ, ಹೋರಾಟವನ್ನು ಹೇಗೆ ನಿಲ್ಲಿಸುತ್ತದೆಂಬುದನ್ನೂ ವಿದ್ಯಾರ್ಥಿಗಳು ಕೇಳಲಿ. ಇದನ್ನು ಅರಿತ ತರುಣರು, ಮುಂದಿನ ಸಾಂಕ್ರಾಮಿಕದ ವೇಳೆಗೆ ತಮ್ಮ ಮನೆಯವರಿಗಾದರೂ ಸರಿಯಾದ ಮಾತನ್ನು ಹೇಳಬಲ್ಲರು.