ಕರುಳಿಗಿಳಿಯುವ ಕ್ಯಾಪ್ಸೂಲ್ ಯಾರ ಹೊಟ್ಟೆಯ ಕಥೆ ಹೇಳಬೇಕು?

ಹೊಟ್ಟೆಯ ತೊಂದರೆಯೆಂದು ವೈದ್ಯರ ಬಳಿಗೆ ಹೋದವರಿಗೆ ಮಲಪರೀಕ್ಷೆಯ ಪುಟ್ಟ ಡಬ್ಬಿ ಹೊಸದೇನಲ್ಲ. ಕರುಳಿನ ಸೂಕ್ಷ್ಮಜೀವಿಗಳ ಬಗ್ಗೆ ವಿಜ್ಞಾನ ಈವರೆಗೆ ಕಲಿತಿರುವುದರಲ್ಲಿ ಬಹುಪಾಲು ಇದೇ ಡಬ್ಬಿಯಿಂದ ಬಂದದ್ದು. ಆದರೆ ಆ ಮಾದರಿ ಹೇಳುವುದು ಮುಖ್ಯವಾಗಿ ದೊಡ್ಡ ಕರುಳಿನ ಕೊನೆಯ ಭಾಗದ ಸಮಾಚಾರವನ್ನು. ಉಂಡ ಅನ್ನ ಮೈಗೂಡುವುದು ಅದಕ್ಕಿಂತ ಮೊದಲೇ, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ. ಅಲ್ಲಿನ ದ್ರವ ಬೇಕೆಂದರೆ ಗಂಟಲಿನ ಮೂಲಕ ಎಂಡೋಸ್ಕೋಪಿಯ ಕೊಳವೆ ಇಳಿಸಬೇಕು. ಸಾಮಾನ್ಯವಾಗಿ ಅದೂ ತಲುಪುವುದು ಆರಂಭದ ಭಾಗವನ್ನಷ್ಟೇ.

ಈ ಕೊರತೆಯನ್ನು ತುಂಬಲು ಈಗ ನುಂಗುವ ಕ್ಯಾಪ್ಸೂಲ್‌ಗಳು ಸಿದ್ಧವಾಗುತ್ತಿವೆ. ಕರುಳಿನ ಚಿತ್ರ ತೆಗೆಯುವ ಕ್ಯಾಮೆರಾ ಕ್ಯಾಪ್ಸೂಲ್‌ಗೆ ಅಮೆರಿಕ 2001ರಲ್ಲೇ ಅನುಮತಿ ನೀಡಿತ್ತು. ಅದು ನೋಡಬಲ್ಲದಾಗಿತ್ತು, ಹೊತ್ತು ತರಲಾರದಾಗಿತ್ತು. 2019ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಮೀರ್ ಸೋನ್‌ಕುಸಾಳೆ ಅವರ ತಂಡ ಮಾದರಿಯನ್ನೇ ಸಂಗ್ರಹಿಸುವ ಗುಳಿಗೆಯನ್ನು ಪ್ರಕಟಿಸಿತು. 'ರೋಬೋ' ಎಂಬ ಪದ ಕೇಳಿ ಮೋಟಾರು, ಬ್ಯಾಟರಿಗಳನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಗುಳಿಗೆಯ ಹೊರಲೇಪ ಜಠರದ ಆಮ್ಲಕ್ಕೆ ಜಗ್ಗದೆ ಸಣ್ಣ ಕರುಳಿನಲ್ಲಿ ಕರಗುತ್ತದೆ. ಒಳಗಿನ ಒಂದು ಕೋಣೆಯಲ್ಲಿ ಲವಣವಿದೆ. ನಡುವಿನ ಪೊರೆಯ ಮೂಲಕ ಅದು ನೀರನ್ನು ಸೆಳೆದಾಗ ಮತ್ತೊಂದು ಕೋಣೆಯ ಸುರುಳಿ ಕಾಲುವೆಗಳಿಗೆ ಬ್ಯಾಕ್ಟೀರಿಯಾಗಳು ಬಂದು ಸೇರುತ್ತವೆ. ಗುಳಿಗೆಯೊಳಗೊಂದು ಅಯಸ್ಕಾಂತವಿರುವುದರಿಂದ ದೇಹದ ಹೊರಗಿನ ಅಯಸ್ಕಾಂತದಿಂದ ಅದನ್ನು ಬೇಕಾದಲ್ಲಿ ಹಿಡಿದು ನಿಲ್ಲಿಸಲೂಬಹುದು. ಹಂದಿ ಹಾಗೂ ವಾನರಗಳ ಮೇಲೆ ಇದರ ಪರೀಕ್ಷೆ ನಡೆದಿತ್ತು.

ಮನುಷ್ಯರಲ್ಲಿ ಮಹತ್ವದ ಹೆಜ್ಜೆ 2023ರದು. ಕ್ಯಾಲಿಫೋರ್ನಿಯಾದ ಸಂಶೋಧಕರು 15 ಮಂದಿ ಆರೋಗ್ಯವಂತ ವಯಸ್ಕರಿಗೆ, ಬೇರೆ ಬೇರೆ ಆಮ್ಲೀಯತೆಯಲ್ಲಿ ತೆರೆದುಕೊಳ್ಳುವ ಕ್ಯಾಪ್ಸೂಲ್‌ಗಳನ್ನು ನುಂಗಿಸಿದರು. ಒಂದೊಂದೂ ಕರುಳಿನ ಒಂದೊಂದು ಹಂತದಲ್ಲಿ ದ್ರವ ಹೀರಿ ಬಾಯಿ ಮುಚ್ಚಿಕೊಂಡಿತು. 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಕರುಳಿನ ಒಳಗಿನ ಬ್ಯಾಕ್ಟೀರಿಯಾ, ವೈರಸ್, ಪ್ರೋಟೀನು, ಪಿತ್ತಾಮ್ಲಗಳ ಚಿತ್ರಣವೇ ಬೇರೆ, ಮಲದಲ್ಲಿ ಕಾಣುವ ಚಿತ್ರಣವೇ ಬೇರೆ. ಊರ ಹೊರಗಿನ ಕಾಲುವೆಯ ನೀರು ನೋಡಿ ಊರೊಳಗಿನ ಅಡುಗೆ ಹೇಳುವಂತಿತ್ತು ನಮ್ಮ ಇದುವರೆಗಿನ ಸ್ಥಿತಿ.

ಇದು ಶ್ರೀಮಂತ ದೇಶದ ಪ್ರಯೋಗಾಲಯದ ಕುತೂಹಲವಷ್ಟೇ ಆಗಿದ್ದರೆ ನಮಗೆ ಚರ್ಚೆಯ ಅಗತ್ಯವಿರಲಿಲ್ಲ. ಸಣ್ಣ ಕರುಳಿನ ನಿಜವಾದ ಪ್ರಶ್ನೆ ಇರುವುದು ಬಡ ಮಕ್ಕಳ ಬೆಳವಣಿಗೆಯಲ್ಲಿ. ಮಧ್ಯ ಆಫ್ರಿಕಾ ಗಣರಾಜ್ಯ ಮತ್ತು ಮಡಗಾಸ್ಕರ್‌ಗಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಸಣ್ಣ ಕರುಳಿನಲ್ಲಿ, ಬಾಯಿ ಹಾಗೂ ಗಂಟಲಿನಲ್ಲಿರಬೇಕಾದ ಬ್ಯಾಕ್ಟೀರಿಯಾಗಳು ಬೀಡುಬಿಟ್ಟಿರುವುದನ್ನು 2018ರ ಅಧ್ಯಯನ ತೋರಿಸಿತು. ಢಾಕಾದ ಮೀರ್‌ಪುರ ಕೊಳೆಗೇರಿಯಲ್ಲಿ, ಪೌಷ್ಟಿಕ ಆಹಾರ ಕೊಟ್ಟರೂ ಚೇತರಿಸಿಕೊಳ್ಳದ ಮಕ್ಕಳನ್ನು ಎಂಡೋಸ್ಕೋಪಿಗೆ ಒಳಪಡಿಸಲಾಯಿತು. ಕರುಳಿನ ಉರಿಯೂತ ದೃಢಪಟ್ಟ 110 ಮಕ್ಕಳ ಕುರಿತ ವರದಿ 2020ರಲ್ಲಿ ಹೊರಬಂತು. ರೋಗಾಣುಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರದ 14 ಬಗೆಯ ಬ್ಯಾಕ್ಟೀರಿಯಾಗಳು ಹೆಚ್ಚಿದಷ್ಟೂ ಮಕ್ಕಳ ಬೆಳವಣಿಗೆ ಕುಂಠಿತವಾಗಿತ್ತು. ಆ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಕರುಳೂ ಹಾನಿಗೊಂಡಿತು.

ನಮ್ಮಲ್ಲೂ ಸ್ಥಿತಿ ಸಮಾಧಾನಕರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಬಡತನ, ತಾಯಿಯ ಅಪೌಷ್ಟಿಕತೆ, ಕಲುಷಿತ ನೀರು ಹೀಗೆ ಕಾರಣಗಳು ಹಲವು. ಅಂಗನವಾಡಿಯ ಹಾಲು, ಮೊಟ್ಟೆ ತಟ್ಟೆಯವರೆಗೆ ತಲುಪಿದ್ದನ್ನು ಸರ್ಕಾರ ಲೆಕ್ಕವಿಡುತ್ತದೆ. ಅದರಲ್ಲಿ ಎಷ್ಟು ಮೈಗೂಡಿತು ಎಂಬುದರ ಲೆಕ್ಕ ಯಾರ ಬಳಿಯೂ ಇಲ್ಲ. ಆ ಲೆಕ್ಕದ ಕೀಲಿಕೈ ಸಣ್ಣ ಕರುಳಿನಲ್ಲಿದೆ.

ವಿಪರ್ಯಾಸವೆಂದರೆ, ಈ ಉಪಕರಣ ಯಾರಿಗೆ ಅತ್ಯಗತ್ಯವೋ ಅವರೇ ಅದನ್ನು ನುಂಗಲಾರರು. ದೊಡ್ಡವರ ಕ್ಯಾಪ್ಸೂಲ್ ಒಂದೂವರೆ ವರ್ಷದ ಕೂಸಿನ ಗಂಟಲಿಗೆ ಅಪಾಯ. ಕರುಳು ಕಿರಿದಾದವರಲ್ಲಿ ಅದು ಸಿಕ್ಕಿಕೊಳ್ಳುವ ಭಯವೂ ಇದೆ. ಕ್ಷಯರೋಗ ಕರುಳನ್ನು ಕಿರಿದಾಗಿಸುವುದುಂಟು ಎಂಬುದನ್ನು ಭಾರತದಲ್ಲಿ ಮರೆಯುವಂತಿಲ್ಲ. ಮಾದರಿ ತುಂಬಿದ ಮೇಲೆ ಕ್ಯಾಪ್ಸೂಲ್ ಹೊರಬರಲು ಹಲವು ತಾಸುಗಳು, ಕೆಲವೊಮ್ಮೆ ದಿನಗಳೇ ಬೇಕು. ಅಷ್ಟರಲ್ಲಿ ಒಳಗಿನ ಬ್ಯಾಕ್ಟೀರಿಯಾಗಳ ಪ್ರಮಾಣವೇ ಬದಲಾಗಬಹುದು. 15 ಮಂದಿ ಆರೋಗ್ಯವಂತರ ಅಧ್ಯಯನವನ್ನು ರೋಗನಿರ್ಣಯದ ಸಾಧನವೆಂದು ಭಾವಿಸುವುದೂ ತಪ್ಪಾದೀತು.

ಮಾರುಕಟ್ಟೆಗೆ ಮಾತ್ರ ಈ ತಾಳ್ಮೆ ಇರುವುದಿಲ್ಲ. ಮಲದ ಮಾದರಿ ಪಡೆದು ಆಹಾರಪಟ್ಟಿ ಬರೆದುಕೊಡುವ ಪರೀಕ್ಷೆಗಳು ನಗರಗಳಲ್ಲಿ ಈಗಾಗಲೇ ಮಾರಾಟವಾಗುತ್ತಿವೆ. ಇಂಥ ಪರೀಕ್ಷೆಗಳನ್ನು ಚಿಕಿತ್ಸೆಯಲ್ಲಿ ವಾಡಿಕೆಯಾಗಿ ಬಳಸಲು ಸಾಕಷ್ಟು ಪುರಾವೆಯಿಲ್ಲ ಎಂದು ಅಂತಾರಾಷ್ಟ್ರೀಯ ತಜ್ಞರ ಸಮೂಹವೊಂದು 2024ರಲ್ಲಿ ಸ್ಪಷ್ಟಪಡಿಸಿದೆ. ಮುಂದೆ ಕ್ಯಾಪ್ಸೂಲ್ ಕೂಡ ಅದೇ ಅಂಗಡಿಯ ಕಪಾಟು ಸೇರಿದರೆ, ಉಂಡು ತೇಗುವವರ ಹೊಟ್ಟೆಯುಬ್ಬರಕ್ಕೆ ಉತ್ತರ ಸಿಕ್ಕೀತು. ಉಂಡರೂ ಬೆಳೆಯದ ಮಗುವಿನ ಪ್ರಶ್ನೆ ಹಾಗೆಯೇ ಉಳಿದೀತು.

ಆದ್ದರಿಂದ ಆಗಬೇಕಾದ ಕೆಲಸ ಎರಡು. ಮಕ್ಕಳು ಸುರಕ್ಷಿತವಾಗಿ ನುಂಗಬಲ್ಲ, ಅಗ್ಗದ, ಸರಳ ಕ್ಯಾಪ್ಸೂಲ್ ನಮ್ಮ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳ ಗುರಿಯಾಗಬೇಕು. ಅಲ್ಲಿಯವರೆಗೆ ವಯಸ್ಕರ ಅಧ್ಯಯನಗಳಲ್ಲಿ ನಮ್ಮ ಊಟ, ನಮ್ಮ ನೀರು, ನಮ್ಮ ಬಡತನಕ್ಕೂ ಪಾಲಿರಬೇಕು. ಇಷ್ಟೆಲ್ಲ ಆದರೂ ಕ್ಯಾಪ್ಸೂಲ್ ಹೇಳುವುದು ಒಳಗೇನಾಗಿದೆ ಎಂಬುದನ್ನಷ್ಟೇ. ಕರುಳು ಕೆಡದಂತೆ ಕಾಯಲು ಶುದ್ಧ ನೀರು, ಶೌಚಾಲಯಗಳಿಗೆ ಬದಲಿಯಾದ ಗುಳಿಗೆಯಿಲ್ಲ.