ಆನ್‌ಲೈನ್ ಅಂಗಡಿಗೆ ಗಿರಾಕಿ ಯಾಕೆ ಬರುತ್ತಿಲ್ಲ?

‘ಇಡೀ ದಿನ ಲ್ಯಾಪ್‌ಟಾಪ್ ಎದುರು ಕೂತಿರ್ತಾನೆ, ಏನು ಮಾಡ್ತಾನೆ ಅಂತಲೇ ಗೊತ್ತಾಗುವುದಿಲ್ಲ’ ಎಂಬ ದೂರು ಈಗ ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಕೆಲವರು ಸುಮ್ಮನೆ ಕಾಲ ಕಳೆಯುತ್ತಿರಲೂಬಹುದು. ಆದರೆ ಹಲವರು ನಿಜಕ್ಕೂ ಕೆಲಸ ಹುಡುಕುತ್ತಿದ್ದಾರೆ. ಅಪ್‌ವರ್ಕ್, ಫೈವರ್ ಮುಂತಾದ ಜಾಲತಾಣಗಳಲ್ಲಿ ಎಲ್ಲಿಯದೋ ದೇಶದ ಗಿರಾಕಿಗೆ ಮನೆಯಿಂದಲೇ ಲೆಕ್ಕ ಬರೆದು ಕೊಡಬಹುದು, ನಕ್ಷೆ ಬಿಡಿಸಿ ಕೊಡಬಹುದು, ವಿಡಿಯೋ ಎಡಿಟ್ ಮಾಡಬಹುದು. ಗಲ್ಫ್‌ನಿಂದ ವಾಪಸಾದವರಿಗೆ, ಬಿ.ಕಾಂ. ಮುಗಿಸಿ ಮದುವೆಯಾಗಿ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ದಾರಿಯೇನಲ್ಲ. ಆದರೂ ಹೆಚ್ಚಿನವರು ಎರಡು ಮೂರು ತಿಂಗಳು ನೋಡಿ, ಒಂದೂ ಕೆಲಸ ಸಿಗದೆ ಬಿಟ್ಟುಬಿಡುತ್ತಾರೆ. ‘ಅದೆಲ್ಲ ಮೋಸ’ ಅಂತ ಮನೆಯವರು ತೀರ್ಪು ಕೊಟ್ಟಾಗ್ತದೆ.

ಮೋಸವೂ ಉಂಟು, ಅದನ್ನು ಮುಂದೆ ಹೇಳುತ್ತೇವೆ. ಆದರೆ ಹೆಚ್ಚಿನ ಸೋಲಿಗೆ ಕಾರಣ ಅದಲ್ಲ. ಇವರು ಅಲ್ಲಿ ಇದ್ದಾರೆ ಅಂತ ಗಿರಾಕಿಗೆ ಕಾಣುವುದೇ ಇಲ್ಲ.

ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂದದ್ದು ಅಂತ ಹಿರಿಯರು ಹೇಳುವುದುಂಟು. ಮಂಗಳೂರಿನ ಬಂದರಿಗೆ ಹೋಗಿ ನೋಡಿ. ಒಣಮೀನಿನವನು ಒಣಮೀನೇ ಮಾರುತ್ತಾನೆ, ಹಗ್ಗದವನು ಹಗ್ಗ. ಗಿರಾಕಿಗೆ ಯಾರ ಅಂಗಡಿಗೆ ಹೋಗಬೇಕು ಅಂತ ಗೊತ್ತಿರುತ್ತದೆ. ಅದೇ ಮನೆಯ ಹುಡುಗ ಅಪ್‌ವರ್ಕ್‌ನಲ್ಲಿ ಪ್ರೊಫೈಲ್ ಮಾಡುವಾಗ ‘ಡೇಟಾ ಎಂಟ್ರಿ, ಗ್ರಾಫಿಕ್ ಡಿಸೈನ್, ವಿಡಿಯೋ ಎಡಿಟಿಂಗ್, ವೆಬ್‌ಸೈಟ್’ ಅಂತ ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಬರೆಯುತ್ತಾನೆ. ಏನು ಬೇಕಾದರೂ ಮಾಡುತ್ತೇನೆ ಅನ್ನುವವರು ಅಲ್ಲಿ ಲೆಕ್ಕವಿಲ್ಲದಷ್ಟು ಜನ. ಗಿರಾಕಿ ಹುಡುಕುವುದು ತನ್ನ ಒಂದು ಕೆಲಸ ಗೊತ್ತಿದ್ದವನನ್ನು.

ದುಬೈಯಲ್ಲೋ ಶಾರ್ಜಾದಲ್ಲೋ ಎಂಟು ವರ್ಷ ಅಕೌಂಟೆಂಟ್ ಆಗಿದ್ದು ಊರಿಗೆ ಬಂದವರೊಬ್ಬರು ಅಂತ ಇಟ್ಟುಕೊಳ್ಳಿ. ಯುಎಇಯಲ್ಲಿ 2018ರ ಜನವರಿಯಿಂದ ಶೇ. 5 ವ್ಯಾಟ್ ಬಂತು, 2023ರ ಜೂನ್‌ನಿಂದ ಕಾರ್ಪೊರೇಟ್ ತೆರಿಗೆಯೂ ಬಂತು. ಅಲ್ಲಿನ ಸಣ್ಣ ಅಂಗಡಿ, ಸಣ್ಣ ಕಂಪೆನಿಗಳಿಗೆ ಲೆಕ್ಕ ಸರಿಯಾಗಿ ಇಡುವವರು ಬೇಕೇ ಬೇಕು. ಇವರು ‘ಅಕೌಂಟೆಂಟ್’ ಅಂತ ಬರೆದರೆ ಸಾವಿರದಲ್ಲಿ ಒಬ್ಬರು. ‘ಯುಎಇಯ ಸಣ್ಣ ವ್ಯಾಪಾರಗಳ ಲೆಕ್ಕ, ವ್ಯಾಟ್ ರಿಟರ್ನ್‌ಗೆ ಬೇಕಾದ ತಯಾರಿ’ ಅಂತ ಬರೆದರೆ ಬೇರೆಯೇ ಸಾಲಿಗೆ ಬರುತ್ತಾರೆ. ಎಂಟು ವರ್ಷ ಅಲ್ಲಿ ದುಡಿದ ಅನುಭವವನ್ನು ‘ಈಗ ಏನೂ ಇಲ್ಲ, ಊರಲ್ಲಿ ಇದ್ದೇನೆ’ ಅಂತ ಮುಚ್ಚಿಡುವುದು ಯಾಕೆ? ಅಲ್ಲಿ ಕಟ್ಟಡದ ಕ್ವಾಂಟಿಟಿ ಲೆಕ್ಕ ಹಾಕುತ್ತಿದ್ದವರು, ಆಟೋಕ್ಯಾಡ್ ಮಾಡುತ್ತಿದ್ದವರು, ಅರಬಿ ಓದಿ ಬರೆಯಬಲ್ಲವರು, ಎಲ್ಲರಿಗೂ ಇದೇ ಮಾತು.

ಅನುಭವ ಇಲ್ಲದ ಹೊಸಬರಿಗೆ ಮಾದರಿ ಕೆಲಸವೇ ಸಾಕ್ಷಿ. ಬಿ.ಕಾಂ. ಓದಿದ ಹುಡುಗಿಯೊಬ್ಬಳು ಕಾಲ್ಪನಿಕ ಅಂಗಡಿಯೊಂದರ ಮೂರು ತಿಂಗಳ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಚಂದ ಮಾಡಿ ಹಾಕಿದರೆ ಸರ್ಟಿಫಿಕೇಟಿಗಿಂತ ಅದು ಹೆಚ್ಚು ಮಾತಾಡ್ತದೆ. ಹಳೆಯ ಕಂಪೆನಿಯ ನಿಜವಾದ ಕಾಗದಗಳನ್ನು ಮಾತ್ರ ಮಾದರಿಗೆ ಹಾಕಬಾರದು. ಅದು ಇನ್ನೊಬ್ಬರ ಗುಟ್ಟು.

ಇನ್ನು ಅರ್ಜಿಯ ಮಾತು. ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕಲು ‘ಕನೆಕ್ಟ್’ ಎಂಬ ಟೋಕನ್ ಬೇಕು, ಒಂದಕ್ಕೆ 15 ಸೆಂಟ್. ಒಂದು ಕೆಲಸಕ್ಕೆ 10-15 ಕನೆಕ್ಟ್ ಕೇಳಿದರೆ ಒಂದೂವರೆಯಿಂದ ಎರಡೂಕಾಲು ಡಾಲರ್ ಅಲ್ಲಿಗೇ ಹೋಯಿತು. ಸಿಕ್ಕಿದ ಕಡೆಗೆಲ್ಲ 50 ಅರ್ಜಿ ಹಾಕಿದವರು ಉಮ್ಮನ ಕೈಯಿಂದ ತಂದ ಹಣ ಎಷ್ಟು ಕರಗಿತು ಅಂತ ಲೆಕ್ಕ ಹಾಕಿ ನೋಡಲಿ. ಕೆಲಸದ ಜಾಹೀರಾತಿನಲ್ಲೇ ಎಷ್ಟು ಜನ ಅರ್ಜಿ ಹಾಕಿದ್ದಾರೆ, ಗಿರಾಕಿ ಇದುವರೆಗೆ ಎಷ್ಟು ಖರ್ಚು ಮಾಡಿದ್ದಾನೆ, ಅವನ ಪಾವತಿ ವಿಧಾನ ದೃಢಪಟ್ಟಿದೆಯಾ ಎಂಬುದೆಲ್ಲ ಕಾಣುತ್ತದೆ. 50ಕ್ಕೂ ಹೆಚ್ಚು ಜನ ನುಗ್ಗಿದ ಕಡೆ ಹೊಸಬರು ಹೋಗುವುದು ದಂಡ. ಆಗಷ್ಟೇ ಬಿದ್ದ, ಐದಕ್ಕಿಂತ ಕಡಿಮೆ ಅರ್ಜಿ ಬಂದ ಕೆಲಸಕ್ಕೆ ದಿನಕ್ಕೆ ಎರಡು ಅರ್ಜಿ ಹಾಕಿದರೂ ಸಾಕು.

ಗಿರಾಕಿಗೆ ಪಟ್ಟಿಯಲ್ಲಿ ಮೊದಲು ಕಾಣುವುದು ಅರ್ಜಿಯ ಮೊದಲ ಎರಡು ಸಾಲು ಮಾತ್ರ. ಆ ಎರಡು ಸಾಲನ್ನು ‘ಡಿಯರ್ ಸರ್, ಐ ಆ್ಯಮ್ ಹಾರ್ಡ್‌ವರ್ಕಿಂಗ್’ ಅಂತ ಹಾಳು ಮಾಡುವವರೇ ಜಾಸ್ತಿ. ‘ನಿಮ್ಮ ಮೂರು ತಿಂಗಳ ಬಿಲ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಚೆಲ್ಲಿವೆ ಅಂದಿದ್ದೀರಿ, ಅವನ್ನು ದಿನಾಂಕದ ಪ್ರಕಾರ ಒಂದೇ ಶೀಟಿಗೆ ತಂದು, ವ್ಯಾಟ್ ಇರುವುದು ಇಲ್ಲದ್ದು ಬೇರೆ ಮಾಡಿ ಕೊಡುತ್ತೇನೆ’ ಅಂತ ಶುರುವಾದರೆ ಅವನು ತೆರೆದು ಓದುತ್ತಾನೆ. ತನ್ನ ತಲೆನೋವು ಇವರಿಗೆ ಅರ್ಥವಾಗಿದೆ ಅಂತ ಅನ್ನಿಸಬೇಕು. ಈಗ ಎಲ್ಲರೂ ಚಾಟ್‌ಜಿಪಿಟಿಯಿಂದ ಅರ್ಜಿ ಬರೆಸುತ್ತಾರೆ, ಹಾಗಾಗಿ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಕೆಲವು ಗಿರಾಕಿಗಳು ಜಾಣರು, ಜಾಹೀರಾತಿನ ಕೊನೆಯಲ್ಲಿ ‘ನಿಮ್ಮ ಅರ್ಜಿಯನ್ನು ಇಂಥ ಪದದಿಂದ ಶುರುಮಾಡಿ’ ಅಂತ ಸಣ್ಣಗೆ ಬರೆದಿರುತ್ತಾರೆ. ಪೂರ್ತಿ ಓದದವನ ಅರ್ಜಿ ಅಲ್ಲೇ ಕಸದ ಬುಟ್ಟಿಗೆ. ಇಂಗ್ಲಿಷ್ ಸ್ವಲ್ಪ ತಪ್ಪಾದರೂ ಚಿಂತೆಯಿಲ್ಲ, ಮಾತು ಸ್ವಂತದ್ದಾಗಿರಲಿ.

ಫೈವರ್‌ನ ಕ್ರಮ ಬೇರೆ. ಅಲ್ಲಿ ನಾವು ‘ಗಿಗ್’ ಅಂತ ಸೇವೆಯನ್ನು ಬೆಲೆ ಸಮೇತ ಜೋಡಿಸಿಟ್ಟು ಕಾಯಬೇಕು, ಗಿರಾಕಿ ಹುಡುಕಿಕೊಂಡು ಬರುತ್ತಾನೆ. ಅವನು ಹುಡುಕುವ ಮಾತುಗಳೇ ಗಿಗ್‌ನ ತಲೆಬರಹದಲ್ಲಿ ಇರಬೇಕು. ಗಳಿಕೆಯಲ್ಲಿ ಶೇ. 20ನ್ನು ಫೈವರ್ ಇಟ್ಟುಕೊಳ್ಳುತ್ತದೆ, ಬೆಲೆ ಕಟ್ಟುವಾಗ ಅದು ನೆನಪಿರಲಿ.

ಮೊದಲ ಎರಡು ಮೂರು ಕೆಲಸ ಸಣ್ಣದಾದರೂ ಪರವಾಗಿಲ್ಲ, ಅವುಗಳ ವಿಮರ್ಶೆ ಮುಂದಿನದಕ್ಕೆ ದಾರಿ. ಅಪ್‌ವರ್ಕ್‌ನಲ್ಲಿ ಗಿರಾಕಿ ಎಲ್ಲರಿಗೂ ಕಾಣುವ ಸ್ಟಾರ್ ಕೊಡುವುದರ ಜೊತೆಗೆ ನಮಗೆ ಕಾಣದ ಗುಟ್ಟಿನ ಅಭಿಪ್ರಾಯವನ್ನೂ ಕೊಡುತ್ತಾನೆ. ಎದುರಿಗೆ ಐದು ಸ್ಟಾರ್ ಕೊಟ್ಟವನು ಒಳಗೆ ಬೇರೆಯೇ ಬರೆದಿರಬಹುದು, ‘ಜಾಬ್ ಸಕ್ಸೆಸ್ ಸ್ಕೋರ್’ಗೆ ಅದೂ ಸೇರುತ್ತದೆ. ತಡವಾಗ್ತದೆ ಅಂತ ಗೊತ್ತಾದ ಕೂಡಲೇ ಒಂದು ಸಾಲು ಬರೆದು ತಿಳಿಸುವವನಿಗೆ ಈ ಭಯ ಕಡಿಮೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ವಿಮರ್ಶೆ ಕೊಳ್ಳುವುದು, ಅಕ್ಕನ ಹೆಸರಿನ ಖಾತೆಯಲ್ಲಿ ತಮ್ಮ ಕೆಲಸ ಮಾಡುವುದು, ಖಾತೆಯನ್ನು ಬಾಡಿಗೆಗೆ ಕೊಡುವುದು, ಇವು ಸಿಕ್ಕಿಬಿದ್ದರೆ ಖಾತೆಯೇ ಮುಚ್ಚುತ್ತದೆ. ವರ್ಷದ ಶ್ರಮ ನೀರುಪಾಲು.

ಮೋಸದ ಲಕ್ಷಣಗಳು ಸಾಮಾನ್ಯವಾಗಿ ಒಂದೇ. ಒಪ್ಪಂದಕ್ಕೆ ಮೊದಲೇ ‘ಟೆಲಿಗ್ರಾಂಗೆ ಬನ್ನಿ’ ಅನ್ನುವುದು, ಕೆಲಸ ಕೊಡಲು ಡೆಪಾಸಿಟ್ ಕೇಳುವುದು, ‘ಸ್ಯಾಂಪಲ್’ ಹೆಸರಿನಲ್ಲಿ ಪೂರ್ತಿ ಕೆಲಸವನ್ನೇ ಪುಕ್ಕಟೆ ಮಾಡಿಸುವುದು. ಕೆಲಸ ಕೊಡುವವನು ಹಣ ಕೇಳುವುದಿಲ್ಲ, ಅಷ್ಟೇ. ನಿಗದಿತ ಬೆಲೆಯ ಕೆಲಸದಲ್ಲಿ ಗಿರಾಕಿ ಹಣವನ್ನು ಮೊದಲೇ ಜಾಲತಾಣದ ಬಳಿ ಇಡುತ್ತಾನೆ. ಇಟ್ಟದ್ದು ಕಾಣದೆ ಕೆಲಸ ಶುರುಮಾಡಬಾರದು. ಕೆಲಸ ಒಪ್ಪಿಸಿದ ಮೇಲೆ ಅವನು ಸುಮ್ಮನಿದ್ದರೂ ಅಪ್‌ವರ್ಕ್‌ನಲ್ಲಿ 14 ದಿನಕ್ಕೆ ಹಣ ಬಿಡುಗಡೆಯಾಗುತ್ತದೆ. ‘ಕೆಲಸ ಮುಗಿಯಿತಲ್ಲ, ದುಡ್ಡೆಲ್ಲಿ?’ ಅಂತ ಮರುದಿನವೇ ಕೇಳುವ ಮನೆಯವರಿಗೂ ಇದು ಗೊತ್ತಿರಲಿ.

ಮನೆಯವರು ಅಂದಾಗ ಇನ್ನೊಂದು ಮಾತು. ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 9 ಗಂಟೆ ಅಂದರೆ ಬೇಸಿಗೆಯಲ್ಲಿ ನಮ್ಮಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಮಗ್ರಿಬ್ ಹೊತ್ತು, ಮನೆ ತುಂಬ ಗದ್ದಲ, ಅಡುಗೆ ಮನೆಯಲ್ಲಿ ಸೊಸೆಯ ಕೈ ಬೇಕೇ ಬೇಕಾದ ಹೊತ್ತು. ಗಿರಾಕಿಯ ಪ್ರಶ್ನೆಗೆ ಬೇಗ ಉತ್ತರಿಸಿದವರಿಗೇ ಕೆಲಸ ಸಿಗುವುದು ಜಾಸ್ತಿ, ಆದರೆ ಆ ಒಂದು ಗಂಟೆ ಅವಳಿಗೆ ಸಿಗುವುದಿಲ್ಲ. ಗಲ್ಫ್‌ನ ಗಿರಾಕಿಗಳಾದರೆ ಸುಲಭ, ದುಬೈ ನಮಗಿಂತ ಒಂದೂವರೆ ಗಂಟೆ ಮಾತ್ರ ಹಿಂದೆ. ಹೆಣ್ಣುಮಕ್ಕಳ ಫೋಟೋ ವಿಷಯವನ್ನೂ ಮೊದಲೇ ಮನೆಯಲ್ಲಿ ಮಾತಾಡಿ ಮುಗಿಸುವುದು ಒಳ್ಳೆಯದು. ಅಪ್‌ವರ್ಕ್‌ಗೆ ಮುಖ ಕಾಣುವ ಫೋಟೋ ಬೇಕು, ಹಿಜಾಬ್ ಧರಿಸಿದ ಫೋಟೋ ಹಾಕಿ ಕೆಲಸ ಮಾಡುವವರು ಎಷ್ಟೋ ಮಂದಿ ಇದ್ದಾರೆ. ಕೆಲಸ ಸಿಕ್ಕಿದ ಮೇಲೆ ಜಗಳವಾದರೆ ಖಾತೆಯೂ ಹೋಯಿತು, ಗಿರಾಕಿಯೂ ಹೋದ.

ನಮ್ಮ ಸಂಘ ಸಂಸ್ಥೆಗಳು ಪ್ರತಿಭಾ ಪುರಸ್ಕಾರ ಮಾಡುತ್ತವೆ, ಶಾಲು ಹೊದಿಸುತ್ತವೆ, ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಗಡುವು ತಪ್ಪಿದರೆ ಆ ಪ್ರತಿಭಾವಂತನ ಸ್ಕೋರ್ ಬೀಳುತ್ತದೆ. ಇನ್ವರ್ಟರ್, ಒಳ್ಳೆಯ ಇಂಟರ್‌ನೆಟ್ ಇರುವ ಒಂದು ಕೋಣೆ ತಾಲೂಕಿಗೊಂದಾದರೂ ಯಾಕಾಗಬಾರದು? ಹೆಣ್ಣುಮಕ್ಕಳಿಗೆ ಬೇರೆ ಸಮಯ ಇಡಬಹುದು. ಈ ದಾರಿಯಲ್ಲಿ ನಾಲ್ಕೈದು ವರ್ಷ ದುಡಿದವರು ವಾರಕ್ಕೊಮ್ಮೆ ಬಂದು ಹೊಸಬರ ಪ್ರೊಫೈಲ್, ಅರ್ಜಿ ಓದಿ ‘ಇದು ತೆಗಿ, ಇದು ಇಡು’ ಅಂತ ಹೇಳಿದರೆ, ಸಾವಿರಗಟ್ಟಲೆ ಫೀಸು ಕೇಳುವ ‘ತಿಂಗಳಿಗೆ ಲಕ್ಷ ಗಳಿಸಿ’ ಕೋರ್ಸುಗಳ ಬಾಗಿಲಿಗೆ ನಮ್ಮ ಮಕ್ಕಳು ಹೋಗಬೇಕಾಗಿಲ್ಲ. ಮುಂದಿನ ಸಮಾರಂಭದ ಬಜೆಟ್ ಬರೆಯುವಾಗ ಪದಾಧಿಕಾರಿಗಳು ಇದಕ್ಕೊಂದು ಸಾಲು ಸೇರಿಸಲಿ.