ಚಪ್ಪಾಳೆಗೆ ರಸೀದಿ

ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ಹುದ್ದೆ ಖಾಲಿ ಇದೆಯೆಂಬ ಜಾಹೀರಾತು ಕಂಡರೆ ರಂಗಭೂಮಿಯವರ ಮುಖ ಅರಳುವುದು ಮೊದಲ ಸಾಲಿನವರೆಗೆ ಮಾತ್ರ. ಮುಂದಿನ ಸಾಲಿನಲ್ಲಿ ಸ್ನಾತಕೋತ್ತರ ಪದವಿ, ಶೇ 55 ಅಂಕ, ನೆಟ್. ವರ್ಷಗಟ್ಟಲೆ ಬಣ್ಣ ಹಚ್ಚಿದವರು ಪತ್ರಿಕೆ ಮಡಿಸಿಡುತ್ತಾರೆ.

ಅವಸರ ಬೇಡ. ಯುಜಿಸಿಯ 2018ರ ನಿಯಮಾವಳಿ ನಾಟಕದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಇನ್ನೊಂದು ಬಾಗಿಲನ್ನೂ ಇಟ್ಟಿತು: ರಾಷ್ಟ್ರೀಯ ನಾಟಕ ಶಾಲೆ ಅಥವಾ ಅಂಥ ಮಾನ್ಯ ಸಂಸ್ಥೆಯ ಪ್ರಥಮ ದರ್ಜೆ ಡಿಪ್ಲೊಮಾ, 5 ವರ್ಷ ಮೆಚ್ಚುಗೆ ಪಡೆದ ರಂಗಪ್ರದರ್ಶನ, ವಿಷಯವನ್ನು ಬಿಡಿಸಿ ಹೇಳುವ ಶಕ್ತಿ.

ಆದರೆ ಪ್ರದರ್ಶನಕ್ಕೆ ಪುರಾವೆ ಬೇಕು. ಚಪ್ಪಾಳೆಗೆ ರಸೀದಿ ಕೊಡುವವರಿಲ್ಲ. ಕರಪತ್ರ, ಪತ್ರಿಕಾ ವಿಮರ್ಶೆ, ಫೋಟೊ ಎಲ್ಲವನ್ನೂ ತಾರೀಕಿನ ಸಮೇತ ಜೋಡಿಸಿಡುವುದು ಕಲಾವಿದರದೇ ಕೆಲಸ. ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳಲಿ, ಕರಪತ್ರ ಮಾತ್ರ ಎಸೆಯದಿರಲಿ.